ಐದನೆಯ ತಿಂಗಳ ಐದನೆಯ ದಿನ

ಮಾನ್ಯರೇ,

ಚೀನೀಯರ ಡ್ರ್ಯಾಗನ್ ದೋಣಿ ಹಬ್ಬವನ್ನು ಕುರಿತ ನಮ್ಮ ಲೇಖನದಲ್ಲಿ, ನದಿಗೆ ಹಾರಿದ ಕವಿ ಚ್ಯು ಯುವಾನ್‌ನ ದೇಹವನ್ನು ಮೀನುಗಳು ಮುಟ್ಟದಿರಲೆಂದು ಜನರು ನೀರಿಗೆ ಅನ್ನ ಎಸೆದರು, ಎಲೆಯಲ್ಲಿ ಕಟ್ಟಿದ ಕಡುಬೂ ಹಬ್ಬವೂ ಅದರಿಂದಲೇ ಹುಟ್ಟಿದವು ಎಂದು ಬರೆದುದಕ್ಕೆ ತಾವು ಆಧಾರ ಕೇಳಿದ್ದೀರಿ. ತಮ್ಮ ಸಂದೇಹ ನ್ಯಾಯವಾದುದು; ಜನ ನಂಬಿದ ಕಥೆಯನ್ನು ಇತಿಹಾಸವೆಂಬಂತೆ ಅಚ್ಚು ಹಾಕಿದ್ದು ನಮ್ಮ ತಪ್ಪು.

ಪ್ರಾಚೀನ ಚೀನಾದ ಚು ರಾಜ್ಯದಲ್ಲಿ ಮಂತ್ರಿಯಾಗಿದ್ದ ಈ ಕವಿ ಚಾಡಿಮಾತಿಗೆ ಗುರಿಯಾಗಿ ಗಡೀಪಾರಾದ. ಕ್ರಿ.ಪೂ. 278ರಲ್ಲಿ ವೈರಿ ರಾಜ್ಯವಾದ ಚಿನ್‌ನ ಸೇನೆ ಚು ರಾಜಧಾನಿಯನ್ನು ಹಿಡಿದ ಮೇಲೆ, ಇಂದಿನ ಹುನಾನ್ ಪ್ರಾಂತದ ಮಿಲುವೊ ನದಿಯಲ್ಲಿ ಪ್ರಾಣ ಬಿಟ್ಟನೆಂಬುದು ಪ್ರತೀತಿ. ಸುಮಾರು ಇನ್ನೂರು ವರ್ಷಗಳ ತರುವಾಯ ಅವನ ಚರಿತ್ರೆ ಬರೆದ ಸಿಮಾ ಚಿಯೆನ್, ಕವಿ ಕಲ್ಲನ್ನು ತಬ್ಬಿಕೊಂಡು ನೀರಿಗೆ ಬಿದ್ದನೆಂದು ಹೇಳುತ್ತಾನೆಯೇ ಹೊರತು ಹಬ್ಬ ನಡೆಯುವ, ಚೀನೀ ಚಾಂದ್ರ ಪಂಚಾಂಗದ ಐದನೆಯ ತಿಂಗಳ ಐದನೆಯ ದಿನವನ್ನಾಗಲಿ, ದೋಣಿಗಳನ್ನಾಗಲಿ, ಕಡುಬನ್ನಾಗಲಿ ಹೆಸರಿಸುವುದಿಲ್ಲ.

ಆ ದಿನದ ಮಾತು ಸಿಮಾ ಚಿಯೆನ್‌ನ ಅದೇ ಚರಿತ್ರೆಯ ಗ್ರಂಥದಲ್ಲಿ ಬೇರೊಂದು ಕಡೆ ಬರುತ್ತದೆ. ಚಿ ರಾಜ್ಯದ ಅಧಿಕಾರಿಯೊಬ್ಬ, ಅಂದು ಹುಟ್ಟಿದ ತನ್ನ ಗಂಡುಮಗುವನ್ನು ಸಾಕಕೂಡದೆಂದು ತಾಯಿಗೆ ಅಪ್ಪಣೆ ಮಾಡಿದ. ಆ ದಿನದ ಕೂಸು ಬಾಗಿಲಿನೆತ್ತರಕ್ಕೆ ಬೆಳೆದರೆ ಹೆತ್ತವರಿಗೆ ಕೇಡೆಂಬ ನಂಬಿಕೆಯಿತ್ತು. ತಾಯಿ ಗುಟ್ಟಾಗಿ ಸಾಕಿದಳು. ಬೆಳೆದು ಎದುರು ನಿಂತ ಹುಡುಗ, ಮನುಷ್ಯನಿಗೆ ಹಣೆಬರಹ ಬರುವುದು ಆಕಾಶದಿಂದಲೋ ಬಾಗಿಲಿನಿಂದಲೋ, ಬಾಗಿಲಿನಿಂದಾದರೆ ಅದನ್ನೇ ಎತ್ತರಿಸಬಹುದಲ್ಲ ಎಂದು ಕೇಳಿದಾಗ ತಂದೆಯ ಬಾಯಿ ಕಟ್ಟಿತು. ಮುಂದೆ ಮಂಗ್‌ಛಾಂಗ್ ಪ್ರಭುವೆಂದು ಹೆಸರಾದ ಈತ ಹುಟ್ಟಿದ್ದು ಕವಿಯ ಮರಣಕ್ಕೆ ಎಷ್ಟೋ ವರ್ಷ ಮೊದಲು. ಹೀಗಾಗಿ ಆ ದಿನದ ಅಂಜಿಕೆ ಕವಿಯ ಕಥೆಗಿಂತ ಹಳೆಯದೆಂದು ನಾನು ತಿಳಿಯುತ್ತೇನೆ. ಸೆಕೆ ಏರಿ, ಹಾವು ಚೇಳುಗಳು ಹೊರಬಿದ್ದು, ರೋಗ ಹರಡುವ ಆ ತಿಂಗಳಲ್ಲಿ, ಕೇಡು ತಟ್ಟದಿರಲೆಂದು, ಬಾಗಿಲಿಗೆ ಮಾಚಿಪತ್ರೆಯ ಜಾತಿಯ ಸೊಪ್ಪನ್ನೂ ಬಜೆಯ ಎಲೆಯನ್ನೂ (ನಮ್ಮ ಬಾಣಂತಿಮನೆಗಳಲ್ಲಿ ಕೂಸಿಗೆ ತೇದು ನೆಕ್ಕಿಸುವ ಅದೇ ಬಜೆ) ಕಟ್ಟುತ್ತಾರೆ. ಮಕ್ಕಳ ಕೈಗೆ ಐದು ಬಣ್ಣದ ದಾರ ಸುತ್ತುತ್ತಾರೆ.

ಕವಿಯನ್ನೂ ಕಡುಬನ್ನೂ ಬೆಸೆಯುವ ಪ್ರಸಿದ್ಧ ಕಥೆ ದೊರೆಯುವುದು ಆರನೆಯ ಶತಮಾನದ ಒಂದು ಕಥಾಸಂಗ್ರಹದಲ್ಲಿ. ಛಾಂಗ್‌ಶಾ ಊರಿನವನೊಬ್ಬನಿಗೆ ಕವಿಯ ಪ್ರೇತ ಕಾಣಿಸಿಕೊಂಡು, ನೀವು ಬಿಡುವ ಅನ್ನವನ್ನು ನೀರಿನ ಡ್ರ್ಯಾಗನ್ ಕದಿಯುತ್ತಿದೆ, ಬೇವಿನ ಕುಲದ ಮರದ ಎಲೆಯಿಂದ ಮುಚ್ಚಿ ಐದು ಬಣ್ಣದ ದಾರದಿಂದ ಕಟ್ಟಿ ಬಿಡಿರಿ, ಅವೆರಡಕ್ಕೆ ಅದು ಹೆದರುತ್ತದೆ ಎಂದಿತಂತೆ. ಮಕ್ಕಳನ್ನು ಕಾಯುತ್ತಿದ್ದ ದಾರವೇ ಇಲ್ಲಿ ಕವಿಯ ಅನ್ನವನ್ನು ಕಾಯುತ್ತಿದೆ ಎಂಬುದನ್ನು ತಾವು ಗಮನಿಸಬೇಕು.

ಪೂರ್ವ ಚೀನಾದ ಸುಝೌ ಕಡೆಯವರಂತೂ ಹಬ್ಬದ ದಿನ ನೆನೆಯುವುದು ಈ ಕವಿಯನ್ನಲ್ಲ, ಅವನಿಗಿಂತ ಇನ್ನೂರು ವರ್ಷ ಹಿಂದೆ ರಾಜನ ಸಿಟ್ಟಿಗೆ ಬಲಿಯಾಗಿ ನದಿ ಸೇರಿದ ವೂ ಝಿಷುವನ್ನು. ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ ಅವನ ಹೆಸರೂ ಇರುತ್ತದೆ.

ಸಂಪಾದಕ