ಅಗ್ಗದ ಬೆಲೆಯ ಉಳಿದ ಪಾಲನ್ನು ಕೊಡುವವರು ಯಾರು?

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ವಾಲ್‌ಮಾರ್ಟ್‌ನಲ್ಲಿ ದಿನಸಿಯಿಂದ ಬಟ್ಟೆಯವರೆಗೆ ಎಲ್ಲವೂ ಅಗ್ಗವಾಗಿ ಸಿಗುವುದನ್ನು ಕಂಡೆ. ಇಂಥ ಮಳಿಗೆಗಳಿಂದ ಸಮಾಜಕ್ಕೆ ನಷ್ಟ ಎನ್ನುವವರೂ ಇದ್ದಾರೆ. ಬೆಲೆ ಇಳಿದರೆ ಬಡವರಿಗೆ ಅನುಕೂಲವೇ ಅಲ್ಲವೇ?

ಉತ್ತರ: ಅನುಕೂಲವಿರುವುದು ನಿಜ. 1962ರಲ್ಲಿ ಅರ್ಕಾನ್ಸಾ ರಾಜ್ಯದ ರೋಜರ್ಸ್‌ನಲ್ಲಿ ಸ್ಯಾಮ್ ವಾಲ್ಟನ್ ತೆರೆದ ಅಂಗಡಿ ಇಷ್ಟು ಬೆಳೆದದ್ದು ಕಡಿಮೆ ಲಾಭಕ್ಕೆ ಹೆಚ್ಚು ಸರಕು ಮಾರುವ ಲೆಕ್ಕಾಚಾರದಿಂದಲೇ. ಆದರೆ ಆ ಬೆಲೆಯಲ್ಲಿ ಸೇರದ ವೆಚ್ಚವನ್ನು ಬೇರೆಯವರು ಭರಿಸುತ್ತಾರೆ.

ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2020ರಲ್ಲಿ ಕೆಲವು ರಾಜ್ಯಗಳ ಮಾಹಿತಿಯನ್ನು ಪರಿಶೀಲಿಸಿದಾಗ, ಸರ್ಕಾರದ ಆಹಾರ ನೆರವನ್ನು ಅವಲಂಬಿಸಿದ ನೌಕರರು ಅತಿ ಹೆಚ್ಚಾಗಿ ದುಡಿಯುವ ಕಂಪನಿಗಳ ಪಟ್ಟಿಯಲ್ಲಿ ವಾಲ್‌ಮಾರ್ಟ್ ಮೇಲಿನ ಸ್ಥಾನಗಳಲ್ಲಿತ್ತು. ದೇಶದ ಅತಿ ದೊಡ್ಡ ಖಾಸಗಿ ಉದ್ಯೋಗದಾತ ಸಂಸ್ಥೆ ಅಲ್ಲಿ ಕಾಣಿಸಿಕೊಳ್ಳುವುದು ಸಹಜವೆನ್ನಬಹುದು. ಆದರೆ ನೆರವು ಪಡೆಯುತ್ತಿದ್ದ ದುಡಿಯುವ ವಯಸ್ಕರಲ್ಲಿ ಶೇ 70ರಷ್ಟು ಜನ ಪೂರ್ಣಾವಧಿ ಕೆಲಸ ಮಾಡುತ್ತಿದ್ದರು ಎಂಬುದು ನನಗೆ ಹೆಚ್ಚು ಕಳವಳಕಾರಿ ಎನಿಸುತ್ತದೆ. ದಿನವಿಡೀ ದುಡಿದರೂ ಊಟಕ್ಕೆ ಸಾಲದ ಸಂಬಳವನ್ನು ತುಂಬಿಕೊಡುತ್ತಿರುವವರು ತೆರಿಗೆದಾರರು. ಇನ್ನು, ಈ ಮಳಿಗೆಗಳಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೆ ಸ್ಥಳೀಯ ಚಿಲ್ಲರೆ ವ್ಯಾಪಾರದಲ್ಲಿ ಸರಾಸರಿ 1.4 ಕೆಲಸಗಳು ಹೋಗುತ್ತವೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಇದನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ.

ಇವೆಲ್ಲಕ್ಕಿಂತ ದೊಡ್ಡ ವೆಚ್ಚ ಗೊತ್ತಾಗುವುದು ಮಳಿಗೆ ಊರು ಬಿಟ್ಟು ಹೋದಾಗ. ಪಶ್ಚಿಮ ವರ್ಜೀನಿಯಾ ರಾಜ್ಯದ ಮೆಕ್‌ಡೊವೆಲ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕಲ್ಲಿದ್ದಲಿನ ನಾಡು. 1950ರಲ್ಲಿ ಒಂದು ಲಕ್ಷದ ಸಮೀಪವಿದ್ದ ಅಲ್ಲಿನ ಜನಸಂಖ್ಯೆ, ಗಣಿಗಳು ಮುಚ್ಚುತ್ತಾ ಬಂದಂತೆ ಇಪ್ಪತ್ತು ಸಾವಿರಕ್ಕೂ ಕೆಳಗಿಳಿದಿತ್ತು. ಕಿಂಬಲ್ ಎಂಬ ಊರಿನ ವಾಲ್‌ಮಾರ್ಟ್ ಆ ಕೌಂಟಿಯ ಪ್ರಮುಖ ಉದ್ಯೋಗದಾತ ಸಂಸ್ಥೆಗಳಲ್ಲಿ ಒಂದಾಗಿತ್ತು, ತಾಜಾ ಹಣ್ಣು ತರಕಾರಿಗೆ ಮುಖ್ಯ ಆಸರೆಯಾಗಿತ್ತು, ಉಳಿದ ಆಹಾರವನ್ನು ಬಡವರ ಅನ್ನಕೇಂದ್ರಕ್ಕೂ ಕೊಡುತ್ತಿತ್ತು. ಕಂಪನಿಯು 2016ರ ಜನವರಿಯಲ್ಲಿ ಜಗತ್ತಿನಾದ್ಯಂತ 269 ಮಳಿಗೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ಅವುಗಳಲ್ಲಿ ಕಿಂಬಲ್‌ನದೂ ಸೇರಿತ್ತು. ಕೆಲವೇ ದಿನಗಳಲ್ಲಿ ಬಾಗಿಲು ಮುಚ್ಚಿತು. ಕೌಂಟಿಯ ಅವನತಿಗೆ ಈ ಕಂಪನಿ ಕಾರಣವಲ್ಲ, ನಿಜ. ಆದರೆ ಆ ಪ್ರದೇಶದ ಉದ್ಯೋಗ, ಆಹಾರ, ತೆರಿಗೆ ಆದಾಯಗಳು ಒಂದೇ ಮಳಿಗೆಯನ್ನು ಬಹಳಷ್ಟು ಅವಲಂಬಿಸಿದ್ದರಿಂದ, ದೂರದ ಕಚೇರಿಯ ಒಂದು ನಿರ್ಧಾರದಿಂದ ಮೂರಕ್ಕೂ ಒಟ್ಟಿಗೆ ಪೆಟ್ಟು ಬಿತ್ತು.

ಬಡವರ ಅನುಕೂಲದ ಬಗ್ಗೆ ತಾವು ಕೇಳಿದ್ದೀರಿ. ಕಾರು ಇದ್ದವರು ದಿನಸಿಗಾಗಿ ಗುಡ್ಡಗಾಡಿನ ರಸ್ತೆಗಳಲ್ಲಿ ಪಕ್ಕದ ಕೌಂಟಿಗೆ ಹೋಗಿ ಬರಬಹುದಾಗಿತ್ತು. ಕಾರಿಲ್ಲದವರಿಗೂ ವೃದ್ಧರಿಗೂ, ಅಂದರೆ ಅಗ್ಗದ ಬೆಲೆ ಯಾರಿಗೆ ಅತಿ ಅಗತ್ಯವಾಗಿತ್ತೋ ಅವರಿಗೇ, ಆ ದಾರಿ ಇರಲಿಲ್ಲ.