ಹಾಕಿದ ಕ್ಯಾಲ್ಸಿಯಂ ಎಲ್ಲಿ ಹೋಯ್ತು?

ನೀವು ಬರೆದ ಪ್ರಕಾರ ನಿಮ್ಮ ಹವಳದ ಉಪ್ಪುನೀರಿನ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ 370 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟ್-ಬೈಕಾರ್ಬೊನೇಟ್ ಅಂಶ, 6.5 ಡಿಕೆಎಚ್ (ಅದನ್ನು ಅಳೆಯುವ ಮಾನ); ಇವೆರಡನ್ನು ಏರಿಸುವ ದ್ರಾವಣಗಳನ್ನು ಒಟ್ಟಿಗೆ ಸುರಿದ ತಕ್ಷಣ ಟ್ಯಾಂಕ್ ನೀರು ಹಾಲಿನಂತಾಯ್ತು, ರೀಡಿಂಗ್ ಮಾತ್ರ ಏರಲಿಲ್ಲ. ಆ ಬಿಳುಪೇ ನಿಮ್ಮ ಕ್ಯಾಲ್ಸಿಯಂ! ಎರಡೂ ಒಂದಕ್ಕೊಂದು ಅಂಟಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಸೇರಿದೆ. ಹೀಟರ್ ಮೇಲೂ ಕೂತಿರಬಹುದು: ಪ್ಲಗ್ ಕಿತ್ತು, ಆರಿದ ಮೇಲೆ ಬೆರಳಾಡಿಸಿ ನೋಡಿ, ಮರಳುಕಾಗದದ ಹಾಗೆ ತರಿತರಿ ಸಿಗಬಹುದು.

ಮೊದಲು ಮೆಗ್ನೀಸಿಯಂ ಅಳೆಯಿರಿ. ಅದು 1250–1350 ಪಿಪಿಎಂ ಆಸುಪಾಸು ಇಲ್ಲದಿದ್ದರೆ ಉಳಿದೆರಡನ್ನು ಏರಿಸುವುದು ತೂತು ಬಿಂದಿಗೆಗೆ ನೀರು ತುಂಬಿದಂತೆ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇದೆಯಾ ಅಂತಲೂ ನೋಡಿಬಿಡಿ. ಅದು ಕಮ್ಮಿಯಿದ್ದರೆ ಮೂರೂ ಕಮ್ಮಿಯೇ ತೋರಿಸುತ್ತವೆ.

ಆಲ್ಕಲಿನಿಟಿಯನ್ನು ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರಿಸಬೇಡಿ, 8–9ಕ್ಕೆ ನಿಲ್ಲಿಸಿ. ಹವಳಕ್ಕೆ ಅಂಕಿಗಿಂತ ಏರಿಳಿತವೇ ಕಷ್ಟ. ಕ್ಯಾಲ್ಸಿಯಂ 420 ಧಾರಾಳ ಸಾಕು. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ, ಪಂಪಿನ ನೀರು ಜೋರಾಗಿ ಹರಿಯುವ ಕಡೆ ನಿಧಾನಕ್ಕೆ ಹಾಕಿ.

ಹವಳ ಅಸ್ಥಿ ಕಟ್ಟುವಾಗ 2.8 ಡಿಕೆಎಚ್ ತಿಂದರೆ ಕ್ಯಾಲ್ಸಿಯಂ ಇಳಿಯುವುದು ಬರೀ 20 ಪಿಪಿಎಂ. ಹಾಗಾಗಿ ಸದ್ಯಕ್ಕೆ ದಿನಾ ಅಳೆಯಬೇಕಾದ್ದು ಆಲ್ಕಲಿನಿಟಿ. ಕ್ಯಾಲ್ಸಿಯಂ ವಾರಕ್ಕೊಮ್ಮೆ ನೋಡಿದರೂ ನಡೆಯುತ್ತೆ.