ಓದುಗರ ಪ್ರಶ್ನೆ: ತರಗತಿಯಲ್ಲಿ ಅರ್ಥಶಾಸ್ತ್ರದ ಪ್ರಾಜೆಕ್ಟ್

ಪ್ರಶ್ನೆ: ಬೇಡಿಕೆ–ಪೂರೈಕೆಯ ರೇಖೆಗಳನ್ನು ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಬೆಲೆ ಹೇಗೆ ನಿಲ್ಲುತ್ತದೆ ಎಂದು ಕೇಳಿದರೆ ‘ಅಂಗಡಿಯವರು ಇಡ್ತಾರೆ ಮಿಸ್’ ಅನ್ನುತ್ತಾರೆ. ಎರಡು ಪೀರಿಯಡ್‌ನಲ್ಲಿ ಮುಗಿಯುವ ಚಟುವಟಿಕೆ ತಿಳಿಸಿ.
– ಪ್ರೌಢಶಾಲಾ ಶಿಕ್ಷಕಿ, ಹಾವೇರಿ

ಉತ್ತರ: ತರಗತಿಯಲ್ಲೇ ಮಾರುಕಟ್ಟೆ ನಡೆಸಿ. ಎರಡು ಬಣ್ಣದ 20 ರಟ್ಟಿನ ಚೀಟಿ, ಬೋರ್ಡು, ಗಡಿಯಾರ ಇದ್ದರೆ ಸಾಕು. ಹತ್ತು ಮಕ್ಕಳು ಕೊಳ್ಳುವವರು, ಹತ್ತು ಮಕ್ಕಳು ಮಾರುವವರು; ಸರಕು ತಲಾ ಒಂದು ಕೆಜಿ ಟೊಮೆಟೊ ಎಂದಿಟ್ಟುಕೊಳ್ಳಿ. ಕೊಳ್ಳುವವರ ಚೀಟಿಯಲ್ಲಿ 38, 36, 34 ಹೀಗೆ ಎರಡೆರಡು ರೂಪಾಯಿ ಇಳಿಸುತ್ತ 20ರವರೆಗೆ ಬರೆಯಿರಿ. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮಾರುವವರ ಚೀಟಿಯಲ್ಲಿ 15, 17, 19 ಹೀಗೆ 33ರವರೆಗೆ. ಅದು ಅಸಲು, ಅದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. ಚೀಟಿಯನ್ನು ಯಾರಿಗೂ ತೋರಿಸಬಾರದು. ಮಕ್ಕಳು ಹೆಚ್ಚಿದ್ದರೆ ಒಂದು ಚೀಟಿಗೆ ಇಬ್ಬರನ್ನು ಜೋಡಿ ಮಾಡಿ. ಇಬ್ಬರೂ ಪಿಸುಗುಟ್ಟಿಕೊಂಡು ತೀರ್ಮಾನಿಸುವಾಗಲೇ ಅರ್ಧ ಪಾಠ ಆಗಿರುತ್ತದೆ.

ಏಳು ನಿಮಿಷದ ಒಂದು ಸುತ್ತು. ಎಲ್ಲರಿಗೂ ಕೇಳುವಂತೆ ಬೆಲೆ ಕೂಗಬೇಕು, ವ್ಯಾಪಾರ ಕುದುರಿದ ಕೂಡಲೇ ಆ ಬೆಲೆಯನ್ನು ಬೋರ್ಡಿನ ಮೇಲೆ ಬರೆಯಬೇಕು. ಇದೇ ಚೀಟಿಗಳಲ್ಲಿ ಇನ್ನೂ ಎರಡು ಸುತ್ತು ಆಡಿಸಿ. ಬಹಿರಂಗವಾಗಿ ಕೂಗುವುದು, ಸುತ್ತುಗಳನ್ನು ಮರುಕಳಿಸುವುದು – ಈ ಎರಡು ನಿಯಮ ಬಿಡಬೇಡಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ಇಂಥ ತರಗತಿ ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದಾಗ ವಿದ್ಯಾರ್ಥಿಗಳು ಓಡಾಡಿಕೊಂಡು ತಮ್ಮತಮ್ಮಲ್ಲೇ ವ್ಯಾಪಾರ ಮಾಡಿದ್ದರು, ಬೆಲೆಗಳು ಚೆದುರಿಹೋದವು. ಅವರ ತರಗತಿಯಲ್ಲಿದ್ದ ವರ್ನನ್ ಸ್ಮಿತ್ ಮುಂದೆ ಬಹಿರಂಗವಾಗಿ ಕೂಗಿಸಿ, ಸುತ್ತುಗಳನ್ನು ಮರುಕಳಿಸಿದರು. ಬೆಲೆ ಸಮತೋಲನದ, ಅಂದರೆ ಕೊಳ್ಳಲು ಸಿದ್ಧರಿರುವವರೂ ಮಾರಲು ಸಿದ್ಧರಿರುವವರೂ ಸಮನಾಗುವ ಬೆಲೆಯ, ಹತ್ತಿರ ಬಂದು ನಿಂತಿತು. 1962ರಲ್ಲಿ ಅದು ಪ್ರಕಟವಾಯಿತು, 2002ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಮೇಲಿನ ಚೀಟಿಗಳಲ್ಲಿ ಸಮತೋಲನ ಬೆಲೆ 26–27 ರೂಪಾಯಿ, ಆರು ವ್ಯಾಪಾರ. ಎರಡೂ ಕಡೆಯವರ ಒಟ್ಟು ಲಾಭ ಹೆಚ್ಚೆಂದರೆ 78 ರೂಪಾಯಿ. ಮೊದಲ ಸುತ್ತಿನಲ್ಲಿ ಬೆಲೆ ಮೇಲೆ ಕೆಳಗೆ ಹಾರುತ್ತದೆ; ಮೂರನೆಯದರಲ್ಲಿ ಸಾಮಾನ್ಯವಾಗಿ ಹತ್ತಿರ ಬರುತ್ತದೆ. ರೇಖಾಚಿತ್ರವನ್ನು ಆಮೇಲಷ್ಟೇ ಬರೆಯಿರಿ, ಮಕ್ಕಳ ಚೀಟಿಗಳನ್ನೇ ಜೋಡಿಸಿ.

ಕೆಡುವುದೆಲ್ಲಿ? ಚೀಟಿಯ ಮೇಲಿನ ಅಂಕಿಯೇ ವ್ಯಾಪಾರದ ಬೆಲೆ ಎಂದು ಕೆಲವರು ತಿಳಿಯುತ್ತಾರೆ. 38 ಇರುವ ಹುಡುಗ ನೇರವಾಗಿ 38 ಅಂದುಬಿಡುತ್ತಾನೆ. ಹಾಗಾಗಿ ಶುರು ಮಾಡುವ ಮೊದಲು ಒಂದು ಮಾದರಿ ವ್ಯಾಪಾರ ಮಾಡಿ ತೋರಿಸಿ: 38ರ ಚೀಟಿಯವನು 30ಕ್ಕೆ ಕೊಂಡರೆ 8 ರೂಪಾಯಿ ಅವನ ಉಳಿತಾಯ. ಗೆಳೆಯರಿಗೆ ಅಂತ ಅಗ್ಗಕ್ಕೆ ಕೊಡುವುದೂ ಉಂಟು. ಪ್ರತಿಯೊಬ್ಬರೂ ತಮ್ಮ ಲಾಭವನ್ನು ಬರೆದಿಡಬೇಕು ಎಂದರೆ ಅದು ಕಡಿಮೆಯಾಗುತ್ತದೆ.

ಎರಡನೇ ಪೀರಿಯಡ್‌ನಲ್ಲಿ ‘ಸರ್ಕಾರ’ ಬರಲಿ. ಗರಿಷ್ಠ ಬೆಲೆ 20 ಎಂದು ಸಾರಿ. ಕೊಳ್ಳಲು ಹತ್ತು ಮಂದಿ ಸಿದ್ಧ, ಮಾರಬಲ್ಲವರು ಮೂವರೇ. ಉಳಿದ ಏಳು ಮಕ್ಕಳು ಖಾಲಿ ಕೈಯಲ್ಲಿ ನಿಂತಾಗ ಅಭಾವ ಎಂದರೇನೆಂದು ವಿವರಿಸಬೇಕಾಗಿಲ್ಲ. ಮುಂದಿನ ಸುತ್ತಿಗೆ ಮಿತಿ ತೆಗೆದು, ಮಾರಿದವರು ಕೆಜಿಗೆ 6 ರೂಪಾಯಿ ತೆರಿಗೆ ಕಟ್ಟಬೇಕು ಅನ್ನಿ. ಸಮತೋಲನ ಬೆಲೆ 29–30ಕ್ಕೆ ಏರುತ್ತದೆ, ವ್ಯಾಪಾರ ಐದಕ್ಕೆ ಇಳಿಯುತ್ತದೆ. ತೆರಿಗೆ ಕಟ್ಟಿದ್ದು ಮಾರಿದವರಾದರೂ, ಅರ್ಧ ಭಾರ, ಅಂದರೆ 3 ರೂಪಾಯಿ, ಕೊಂಡವರ ಮೇಲೆ ಬಿತ್ತು. ಇದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಬೇಡಿ.

ಪ್ರಶ್ನೆ: ಹಣದುಬ್ಬರದ ಬಗ್ಗೆ ಪ್ರಾಜೆಕ್ಟ್ ಕೊಟ್ಟರೆ ಪತ್ರಿಕೆಯ ಕಟಿಂಗ್ ಅಂಟಿಸಿ ತರುತ್ತಾರೆ. ಬೇರೆ ದಾರಿ?
– ಸಮಾಜ ವಿಜ್ಞಾನ ಶಿಕ್ಷಕರು, ಚಿಂತಾಮಣಿ

ಉತ್ತರ: ತರಗತಿಯದ್ದೇ ಬೆಲೆ ಸೂಚ್ಯಂಕ ಮಾಡಿಸಿ. ಒಂದು ಮನೆಯ ತಿಂಗಳ ಬುಟ್ಟಿ ಎಂದು ಐದು ಪದಾರ್ಥ ಗೊತ್ತುಮಾಡಿ: ಅಕ್ಕಿ 20 ಕೆಜಿ, ತೊಗರಿಬೇಳೆ 3 ಕೆಜಿ, ಎಣ್ಣೆ 4 ಲೀಟರ್, ಹಾಲು 30 ಲೀಟರ್, ಟೊಮೆಟೊ 6 ಕೆಜಿ. ಪ್ರಮಾಣ ವರ್ಷವಿಡೀ ಬದಲಾಗಬಾರದು. ಉದಾಹರಣೆಗೆ ಜೂನ್‌ನಲ್ಲಿ ದರ ಕ್ರಮವಾಗಿ 50, 140, 150, 48, 20 ಇದ್ದರೆ ಬುಟ್ಟಿಗೆ 3,580 ರೂಪಾಯಿ. ಜುಲೈನಲ್ಲಿ ಅಕ್ಕಿ 52, ಎಣ್ಣೆ 156, ಟೊಮೆಟೊ 50 ಆಗಿ, ಬೇಳೆ–ಹಾಲು ಹಾಗೇ ಉಳಿದರೆ 3,824. ಅದನ್ನು 3,580ರಿಂದ ಭಾಗಿಸಿ 100ರಿಂದ ಗುಣಿಸಿದರೆ 106.8. ಅಂದರೆ ಏರಿಕೆ ಶೇ 6.8.

ಬಹುತೇಕ ಮಕ್ಕಳು ಇಲ್ಲಿ ಐದೂ ಪದಾರ್ಥಗಳ ಶೇಕಡಾ ಏರಿಕೆ ಕೂಡಿಸಿ ಐದರಿಂದ ಭಾಗಿಸುತ್ತಾರೆ. ಆಗ ಶೇ 31.6 ಬರುತ್ತದೆ, ಏಕೆಂದರೆ ಟೊಮೆಟೊ ಒಂದೇ ಶೇ 150 ಏರಿದೆ. ಆ ತಪ್ಪನ್ನು ಅಳಿಸಿಹಾಕದೆ ಎರಡೂ ಲೆಕ್ಕವನ್ನು ಅಕ್ಕಪಕ್ಕ ಬೋರ್ಡಿನಲ್ಲಿ ಉಳಿಸಿ. ಖರ್ಚಿನಲ್ಲಿ ಟೊಮೆಟೊದ ಪಾಲೆಷ್ಟು, ಹಾಲಿನ ಪಾಲೆಷ್ಟು ಎಂದು ಕೇಳಿ. ಪ್ರತಿ ಪದಾರ್ಥಕ್ಕೂ ಖರ್ಚಿನಲ್ಲಿ ಅದರ ಪಾಲಿನಷ್ಟು ತೂಕ ಅಥವಾ ಭಾರ ಕೊಡುವುದು ಏಕೆಂದು ಅಲ್ಲೇ ಗೊತ್ತಾಗುತ್ತದೆ.

ದರವನ್ನು ಒಂದೇ ಅಂಗಡಿಯಲ್ಲಿ, ಪ್ರತಿ ತಿಂಗಳು ಒಂದೇ ವಾರದಂದು ಬರೆದುಕೊಳ್ಳಲಿ. ಸಂತೆಯ ದಿನದ ಬೆಲೆಗೂ ಮಾರನೆಯ ದಿನದ ಬೆಲೆಗೂ ವ್ಯತ್ಯಾಸ ಇರುತ್ತದೆ. ಪ್ಯಾಕೆಟ್ಟಿನ ನಿವ್ವಳ ತೂಕವನ್ನೂ ನೋಡಬೇಕು. ಬೆಲೆ ಅಷ್ಟೇ ಇಟ್ಟು ತೂಕ ಇಳಿಸಿದ್ದರೆ ಅದೂ ಬೆಲೆ ಏರಿಕೆಯೇ.

ಪ್ರಶ್ನೆ: ಇಂಥ ಪ್ರಾಜೆಕ್ಟ್‌ಗಳಿಗೆ ಅಂಕ ಹೇಗೆ ಕೊಡುವುದು?
– ಶಿಕ್ಷಕರು, ಯಲಬುರ್ಗಾ

ಉತ್ತರ: ಅಲಂಕಾರಕ್ಕೆ ಬೇಡ. ಹತ್ತರಲ್ಲಿ ನಾಲ್ಕು ಮೂಲ ದಾಖಲೆಗೆ, ಮೂರು ಲೆಕ್ಕಕ್ಕೆ, ಮೂರು ‘ಏಕೆ ಹೀಗಾಯಿತು’ ಎಂಬ ಒಂದು ಪ್ಯಾರಾಕ್ಕೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳ ಸಂತೆಯಲ್ಲಿ ಎಲ್ಲರಿಗೂ ಲಾಭವೇ ಬರುತ್ತದೆ. ಇದು ಸರಿಯೇ?
– ಎಸ್‌ಡಿಎಂಸಿ ಸದಸ್ಯರು, ತರೀಕೆರೆ

ಉತ್ತರ: ಮನೆಯಿಂದ ತಂದ ಸೊಪ್ಪಿಗೆ ಬೆಲೆಯನ್ನೇ ಹಾಕದಿದ್ದರೆ ಎಲ್ಲರಿಗೂ ಲಾಭವೇ! 25 ಕಟ್ಟು ಮೆಂತ್ಯ ತಂದು, ಹತ್ತು ರೂಪಾಯಿಯಂತೆ 20 ಕಟ್ಟು ಮಾರಿದರೆ 200 ರೂಪಾಯಿ, ಐದು ಬಾಡಿಹೋದವು. ಅದೇ 25 ಕಟ್ಟನ್ನು ಊರಿನ ವ್ಯಾಪಾರಿ ಆರು ರೂಪಾಯಿಗೆ ಎತ್ತಿಕೊಳ್ಳುತ್ತಿದ್ದರೆ 150 ಬರುತ್ತಿತ್ತು. ಹೀಗೆ ಕೈಬಿಟ್ಟ ಗಳಿಕೆಯೇ ಅವಕಾಶ ವೆಚ್ಚ. ಆಟೋಗೆ 20, ಚೀಲಕ್ಕೆ 5. ಉಳಿದದ್ದು 25 ರೂಪಾಯಿ, ಅದೂ ಇಬ್ಬರು ಮಕ್ಕಳ ಮೂರು ಗಂಟೆಯ ದುಡಿಮೆಗೆ ಕೂಲಿ ಹಾಕುವ ಮೊದಲು.

ಆದ್ದರಿಂದ ಸಂತೆಗೆ ಮೂರು ದಿನ ಮುಂಚೆಯೇ ವೆಚ್ಚದ ಹಾಳೆ ತುಂಬಿಸಿ. ಎಲ್ಲರೂ ಮೆಂತ್ಯವನ್ನೇ ತಂದರೆ ತಡೆಯಬೇಡಿ, ಬೆಲೆ ಬೀಳುವುದನ್ನು ನೋಡಲಿ. ಅಪ್ಪ–ಅಮ್ಮಂದಿರು ಪ್ರೀತಿಗೆ ಹತ್ತರ ಕಟ್ಟಿಗೆ ಐವತ್ತು ಕೊಟ್ಟರೆ ಮಾತ್ರ ಲೆಕ್ಕವೆಲ್ಲ ಕೆಡುತ್ತದೆ. ಹೆಚ್ಚಿನ ಹಣವನ್ನು ‘ಕೊಡುಗೆ’ ಎಂಬ ಬೇರೆ ಕಾಲಂನಲ್ಲಿ ಬರೆಸಿ. ಗಂಟೆಗೊಮ್ಮೆ ಪ್ರತಿ ಅಂಗಡಿಯ ಬೆಲೆ ಬರೆದುಕೊಳ್ಳಲು ಎಂಟನೇ ತರಗತಿಯ ಇಬ್ಬರನ್ನು ನೇಮಿಸಿ. ಸಂಜೆಗೆ ಸೊಪ್ಪಿನ ಬೆಲೆ ಇಳಿದು, ಈರುಳ್ಳಿಯದ್ದು ಅಷ್ಟಾಗಿ ಇಳಿಯದಿದ್ದರೆ, ಮರುದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿ: ಯಾವುದನ್ನು ಮನೆಗೆ ವಾಪಸ್ ಒಯ್ದು ನಾಳೆ ಮಾರಬಹುದು, ಯಾವುದನ್ನು ಆಗುವುದಿಲ್ಲ?